ಪಟದ ಹಿಂದೆ ಏನು ಬರೆದಿದ್ದೀರಿ?

ಫೋಟೋ ತೆಗೆಯುವುದರ ಬಗ್ಗೆ ಓದುಗರಿಂದ ಈ ತಿಂಗಳು ಬಂದ ಕಾಗದಗಳನ್ನು ಮೈಸೂರಿನ ನಮ್ಮ ಮನೆಯ ಊಟದ ಮೇಜಿನ ಮೇಲೆ ಹರಡಿಕೊಂಡು ಎರಡು ಸಂಜೆ ಓದಿದೆ. ಯಾವ ಕ್ಯಾಮೆರಾ ಕೊಳ್ಳಲಿ ಎಂದು ಕೇಳಿದವರೇ ಅರ್ಧ ಜನ. ಅವರಿಗೆಲ್ಲ ಒಂದೇ ಮಾತು: ಕೈಲಿರುವ ಫೋನಿನಲ್ಲೇ ಶುರುಮಾಡಿ, ಲೆನ್ಸನ್ನು ಹತ್ತಿಬಟ್ಟೆಯಲ್ಲಿ ಒರೆಸಿಕೊಳ್ಳಿ, ಒಂದು ವರ್ಷ ತೆಗೆದ ಮೇಲೆ ಏನು ಸಾಲದು ಅನ್ನುವುದು ನಿಮಗೇ ಗೊತ್ತಾಗುತ್ತದೆ. ಉಳಿದ ಕಾಗದಗಳೆಲ್ಲ ನಮ್ಮ ಮಂಡ್ಯ-ಮೈಸೂರು ಸೀಮೆಯ ಊರು, ಹಬ್ಬ, ಕಟ್ಟಡ, ಮನುಷ್ಯರನ್ನು ಕುರಿತವು. ಅವಕ್ಕೆ ನಿಧಾನವಾಗಿ ಉತ್ತರಿಸುತ್ತೇನೆ.

ಪ್ರ: ಅಕ್ಕ, ನಮ್ಮೂರಲ್ಲಿ ಕೋಟೆ ಇಲ್ಲ, ಹಳೇ ಗುಡಿ ಇಲ್ಲ, ಜಲಪಾತ ಇಲ್ಲ. ಕಬ್ಬು, ಭತ್ತ, ನಾಲೆ, ಎರಡು ಟೀ ಅಂಗಡಿ, ಅಷ್ಟೇ. ಫೋಟೋ ತೆಗೆಯಬೇಕು ಅಂದರೆ ಶ್ರೀರಂಗಪಟ್ಟಣಕ್ಕೋ ಮೇಲುಕೋಟೆಗೋ ಬೈಕ್ ಹತ್ತಬೇಕು. ನಮ್ಮೂರಲ್ಲಿ ತೆಗೆಯುವಂಥದ್ದು ಏನಿದೆ?
— ಡಿಗ್ರಿ ವಿದ್ಯಾರ್ಥಿ, ಮಂಡ್ಯ ತಾಲ್ಲೂಕು

ಉ: ತಮ್ಮ, ಕಬ್ಬು ಇದೆ ಅಂದೆಯಲ್ಲ, ಹಾಗಾದರೆ ಆಸುಪಾಸಿನಲ್ಲಿ ಒಂದು ಆಲೆಮನೆಯೂ ಇದ್ದೀತು. ಬೆಳಗಿನ ಜಾವ ಐದಕ್ಕೆ ಅಲ್ಲಿಗೆ ಹೋಗು. ಬೈಕ್ ಬೇಡ, ನಡೆದುಕೊಂಡು ಹೋಗು.

ಕೆರಗೋಡು ಕಡೆಯ ಒಂದು ಆಲೆಮನೆಯಲ್ಲಿ ಒಂದು ಚಳಿಗಾಲ ಹದಿನೈದು ದಿನ, ದಿನಾ ಬೆಳಿಗ್ಗೆ ನಿಂತಿದ್ದೆ. ಮೊದಲ ನಾಲ್ಕು ದಿನ ತೆಗೆದದ್ದೆಲ್ಲ ಹಬೆಯ ಚಿತ್ರ. ಕೊಪ್ಪರಿಗೆಯಿಂದ ಏಳುವ ಹಬೆ, ತಗಡಿನ ಸಂದಿಯಿಂದ ಬೀಳುವ ಬಿಸಿಲುಕೋಲು. ನೋಡಲು ಬಲು ಚೆನ್ನಾಗಿದ್ದವು, ಆದರೆ ಯಾವ ಊರಿನ ಯಾವ ಆಲೆಮನೆ ಅಂದರೂ ನಡೆಯುತ್ತಿತ್ತು. ಐದನೇ ದಿನ ಕೊಪ್ಪರಿಗೆ ನೋಡಿಕೊಳ್ಳುತ್ತಿದ್ದ ಯಜಮಾನರು ಕರೆದು, ‘ಅವ್ವ, ಹೊಗೆ ತಗ್ದಿದ್ ಸಾಕು, ಇಲ್ನೋಡು’ ಅಂತ ಬಲಗೈ ಮುಂದೆ ಮಾಡಿದರು. ತಣ್ಣೀರಿನ ಬೋಗುಣಿಗೆ ಬೆರಳು ಅದ್ದಿ, ಕಲಕುವ ಹುಟ್ಟಿನ ತುದಿಯಿಂದ ಕುದಿಯುವ ಪಾಕದ ಒಂದು ತೊಟ್ಟನ್ನು ಎತ್ತಿಕೊಂಡು, ಮತ್ತೆ ನೀರಿಗೆ ಅದ್ದಿ, ಹೆಬ್ಬೆರಳು ತೋರುಬೆರಳ ನಡುವೆ ಉರುಳಿಸಿದರು. ಉಂಡೆ ಕಟ್ಟಿತು. ‘ಇಳಸ್ರೋ’ ಅಂದರು. ನಾಲ್ಕು ಜನ ಕೊಪ್ಪರಿಗೆಗೆ ಕೈ ಹಾಕಿದರು. ಅಷ್ಟೂ ಹೊತ್ತಿನ ಬೆಲ್ಲದ ಹದ ಆ ಎರಡು ಬೆರಳ ನಡುವೆ ಇತ್ತು. ಬೆರಳ ತುದಿಯ ಗೆರೆಗಳು ಸವೆದು ಚರ್ಮ ನಯವಾಗಿ ಹೊಳೆಯುತ್ತಿತ್ತು. ಆ ಹದಿನೈದು ದಿನದಲ್ಲಿ ನಾನು ಉಳಿಸಿಕೊಂಡ ಚಿತ್ರ ಆ ಬೆರಳುಗಳದ್ದು.

ನೀನೂ ಹಾಗೆ ನೋಡು. ಗಾಣಕ್ಕೆ ಕಬ್ಬು ಕೊಡುವವನು ಯಾರು, ಕಬ್ಬಿನ ಹಾಲಿಗೆ ಸುಣ್ಣ ಯಾವಾಗ ಬೀಳುತ್ತದೆ, ಬೆಂಡೆಯ ಲೋಳೆ ಹಾಕಿ ಮಡ್ಡಿ ತೆಗೆಯುವುದು ಇನ್ನೂ ಉಳಿದಿದೆಯಾ, ಒಣಗಿದ ಸಿಪ್ಪೆಯನ್ನು ಒಲೆಗೆ ತಳ್ಳುತ್ತಾ ಕೂತವನಿಗೆ ದಿನಕ್ಕೆ ಎಷ್ಟು ಕೂಲಿ. ಎಲ್ಲವನ್ನೂ ಕೇಳಿ ಒಂದು ನೋಟ್ ಪುಸ್ತಕದಲ್ಲಿ ಬರೆದುಕೋ. ಫೋನಿನಲ್ಲಿ ತೆಗೆಯುವಾಗ ಒಂದು ಎಚ್ಚರಿಕೆ: ಆಲೆಮನೆ ಒಳಗೆ ಕತ್ತಲು, ಫೋನು ಅದನ್ನು ಬೆಳಗಿಸಲು ಹೋಗಿ ಹಬೆಯನ್ನೂ ಬೆಂಕಿಯನ್ನೂ ಬೆಳ್ಳಗೆ ಮಾಡಿಬಿಡುತ್ತದೆ. ಪರದೆಯ ಮೇಲೆ ಹಬೆ ಇರುವ ಕಡೆ ಬೆರಳಿಟ್ಟು ಬೆಳಕನ್ನು ಕೆಳಗೆ ಎಳೆ. ಬೆಲ್ಲದ ಬಣ್ಣವನ್ನು ಫೋನಿನ ಇಷ್ಟಕ್ಕೆ ಬಿಡಬೇಡ. ರಾಸಾಯನಿಕ ಹಾಕದ ಬೆಲ್ಲ ಕಂದು, ಹಾಕಿದ್ದು ಹಳದಿ. ಆ ವ್ಯತ್ಯಾಸ ನಿನ್ನ ಚಿತ್ರದಲ್ಲಿ ಕಾಣಲೇಬೇಕು.

ಇನ್ನು ನಾಲೆ. ವಿಶ್ವೇಶ್ವರಯ್ಯ ನಾಲೆಗೆ ಕಟ್ಟು ಪದ್ಧತಿಯಲ್ಲಿ, ಅಂದರೆ ಕೆಲವು ದಿನ ಹರಿಸಿ ಕೆಲವು ದಿನ ನಿಲ್ಲಿಸುವ ಲೆಕ್ಕದಲ್ಲಿ, ನೀರು ಬಿಟ್ಟ ಮೊದಲ ದಿನ ನಿಮ್ಮ ತೂಬಿನ ಹತ್ತಿರ ಯಾರ್‍ಯಾರು ಬಂದು ನಿಲ್ಲುತ್ತಾರೆ, ನೀರುಗಂಟಿ ಯಾರ ಗದ್ದೆಗೆ ಮೊದಲು ತಿರುಗಿಸುತ್ತಾನೆ? ಅದನ್ನು ಹೊರಗಿನಿಂದ ಬಂದ ಯಾವ ಫೋಟೋಗ್ರಾಫರೂ ತೆಗೆಯಲಾರ. ಯಾವ ದಿನ ನೀರು ಬರುತ್ತದೆ ಅನ್ನುವುದು ನಿನಗೆ ಗೊತ್ತು, ಅವನಿಗೆ ಗೊತ್ತಿಲ್ಲ.

ಪ್ರ: ಸಂಕ್ರಾಂತಿಯ ಸಂಜೆ ದನಗಳಿಗೆ ಕಿಚ್ಚು ಹಾಯಿಸುವುದನ್ನು ಮೂರು ವರ್ಷದಿಂದ ತೆಗೆಯುತ್ತಿದ್ದೇನೆ. ಪ್ರತಿ ಸಲವೂ ಬೆಂಕಿ ಬೆಳ್ಳಗೆ ಸುಟ್ಟುಹೋಗಿ ರಾಸು ಅಲುಗಾಡಿದಂತೆ ಬರುತ್ತದೆ. ಎಲ್ಲಿ ತಪ್ಪುತ್ತಿದೆ?
— ಓದುಗರು, ಸಿದ್ದಲಿಂಗಪುರ, ಮೈಸೂರು

ಉ: ಸುತ್ತಲಿನ ಕತ್ತಲನ್ನು ನೋಡಿ ಕ್ಯಾಮೆರಾ ಷಟರನ್ನು ಹೆಚ್ಚು ಹೊತ್ತು ತೆರೆದಿಡುತ್ತಿದೆ. ಆಟೋ ಬಿಟ್ಟು ಮ್ಯಾನ್ಯುಯಲ್‌ಗೆ ಬನ್ನಿ. ಷಟರ್ 1/500 ಸೆಕೆಂಡ್, ಲೆನ್ಸ್ ಪೂರ್ತಿ ತೆರೆದು, ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮ ಅನ್ನುವ ಐಎಸ್‌ಒ 1600ರಿಂದ ಶುರುಮಾಡಿ, ಕತ್ತಲಾದಂತೆ ಏರಿಸಿ. ಹುಲ್ಲಿಗೆ ಬೆಂಕಿ ಹಚ್ಚುವ ಮೊದಲೇ ಹುಲ್ಲಿನ ಸಾಲಿಗೆ ಫೋಕಸ್ ಮಾಡಿ ಅಲ್ಲೇ ನಿಲ್ಲಿಸಿಡಿ. ಬೆಂಕಿಗೆ ನೇರ ಎದುರು ನಿಂತರೆ ರಾಸು ಬರೀ ಕಪ್ಪು ಆಕಾರವಾಗುತ್ತದೆ. ಓರೆಯಾಗಿ ನಿಂತರೆ ಮೈಗೆ ಹಚ್ಚಿದ ಅರಿಶಿನ, ಕೊಂಬಿನ ಬಣ್ಣ, ಕೊರಳ ಹೂವಿನ ಮೇಲೆಲ್ಲ ಬೆಂಕಿಯ ಬೆಳಕು ಬೀಳುತ್ತದೆ. ಗಾಳಿ ಬರುವ ಕಡೆಗೆ ನಿಮ್ಮ ಬೆನ್ನಿರಲಿ, ಹೊಗೆ ಆಚೆ ಹೋಗುತ್ತದೆ.

ಆಚೆ ಕಡೆ, ಅವು ಹಾಯ್ದು ಬರುವ ದಾರಿಯಲ್ಲಿ ಮಾತ್ರ ನಿಲ್ಲಬೇಡಿ. ಬೆಂಕಿ ಕಂಡು ಬೆದರಿದ ಎತ್ತು ಎತ್ತ ನುಗ್ಗುತ್ತದೆ ಅನ್ನುವುದು ಹಗ್ಗ ಹಿಡಿದು ಓಡುವವನಿಗೂ ತಿಳಿದಿರುವುದಿಲ್ಲ. ನಿಂತ ಗಾಡಿಯ ಮರೆ ಒಳ್ಳೆಯದು. ಮತ್ತೆ, ಬೆಳಿಗ್ಗೆಯೇ ಹೋಗಿ. ಮೈ ತೊಳೆಸಿಕೊಂಡ ಎತ್ತು ಬಿಸಿಲಿಗೆ ನಿಂತು ಕಿವಿ ಒದರುವುದು, ಕೊಂಬಿಗೆ ಬಣ್ಣ ಬಳಿಯುತ್ತಾ ಹುಡುಗರು ಜಗಳವಾಡುವುದು, ಎಳ್ಳು ಬೀರಲು ಹೊರಟ ಹೆಣ್ಣುಮಕ್ಕಳು ಅಲ್ಲೇ ಒಂದು ಗಳಿಗೆ ನಿಲ್ಲುವುದು, ಇದೆಲ್ಲ ಸೇರಿದರೇ ನಿಮ್ಮೂರಿನ ಸಂಕ್ರಾಂತಿ.

ಪ್ರ: ಮೇಡಂ, ನಮ್ಮ ಬೀದಿಯ ಒಬ್ಬ ಅಜ್ಜಿ ಜಗಲಿ ಮೇಲೆ ಕೂತು ಎಲೆ ಅಡಿಕೆ ಕುಟ್ಟುತ್ತಿದ್ದರು. ಚಿತ್ರ ತೆಗೆದು ಫೇಸ್‌ಬುಕ್ಕಿಗೆ ಹಾಕಿದೆ. ಯಾರೋ ಅದರ ಕೆಳಗೆ ‘ಮಕ್ಕಳು ಕೈಬಿಟ್ಟ ತಾಯಿ’ ಎಂದು ಬರೆದು ಹಂಚಿದರು. ಊರೆಲ್ಲ ಹರಡಿತು. ಅಜ್ಜಿಯ ಮಗ ನಮ್ಮ ಮನೆಯವರ ಜೊತೆ ಮಾತು ಬಿಟ್ಟಿದ್ದಾರೆ. ನಾನು ಏನೂ ಬರೆದಿರಲಿಲ್ಲ.
— ಗೃಹಿಣಿ, ಕೆ.ಆರ್. ಪೇಟೆ

ಉ: ಏನೂ ಬರೆಯದೆ ಹಾಕಿದ್ದೇ ಇಷ್ಟಕ್ಕೆಲ್ಲ ದಾರಿಯಾಯಿತಮ್ಮ. ಹೆಸರಿಲ್ಲದ ಪಟಕ್ಕೆ ಕಂಡಕಂಡವರು ತಮಗೆ ತೋಚಿದ ಕಥೆ ಕಟ್ಟುತ್ತಾರೆ. ಸೊಸೆ ಅಡುಗೆ ಮಾಡಿಟ್ಟು, ಮೊಮ್ಮಗ ತಂದುಕೊಟ್ಟ ಅಡಿಕೆಯನ್ನು ನೆಮ್ಮದಿಯಾಗಿ ಕುಟ್ಟುತ್ತಾ ಕೂತ ಅಜ್ಜಿಯನ್ನು ನೋಡದವರು ಅನಾಥೆ ಮಾಡಿದರು. ಆ ಮಗನಿಗೆ ಎಷ್ಟು ನೋವಾಗಿರಬೇಕು ನೋಡಿ.

ಮೊದಲು ಚಿತ್ರವನ್ನು ತೆಗೆದುಹಾಕಿ. ಹಂಚಿದವರಿಗೂ ಬರೆದು ತೆಗೆಸಿ. ಆಮೇಲೆ ಆ ಚಿತ್ರವನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ, ನಾಲ್ಕು ಬಾಳೆಹಣ್ಣಿನ ಜೊತೆ ಅವರ ಮನೆಗೇ ಹೋಗಿ. ಅಜ್ಜಿಯ ಕೈಗೆ ಕೊಟ್ಟು, ಮಗನ ಮುಂದೆ ‘ಅಣ್ಣ, ಕೇಳದೆ ಹಾಕಿದ್ದು ನನ್ನ ತಪ್ಪು’ ಅನ್ನಿ. ಫೋನಿನಲ್ಲಿ ಕ್ಷಮೆ ಕೇಳಿದರೆ ಇದು ಮುಗಿಯುವುದಿಲ್ಲ.

ತೆಗೆಯಲು ಒಪ್ಪಿಗೆ ಬೇರೆ, ಊರಿಗೆ ತೋರಿಸಲು ಒಪ್ಪಿಗೆ ಬೇರೆ. ಎರಡನ್ನೂ ಕೇಳಬೇಕು. ನಾಗಮಂಗಲದ ಕಡೆ ಒಬ್ಬ ಅಜ್ಜಿ ನನಗೆ ಕೇಳಿದ್ದರು: ‘ಪಟ ತಗಂಡೋರೆಲ್ಲ ತಗಂಡೇ ಓದ್ರು ಕಣವ್ವ, ನೀನಾದ್ರೂ ತಂದ್ಕೊಟ್ಟೀಯಾ?’ ಮುಂದಿನ ಅಮಾವಾಸ್ಯೆಯೊಳಗೆ ಕೊಟ್ಟು ಬಂದೆ. ಅವರು ಅದನ್ನು ಗೋಡೆಗೆ ಹಾಕಿಸಲಿಲ್ಲ. ಬದುಕಿರುವವರ ಪಟ ಗೋಡೆಗೆ ಏರಬಾರದು ಅಂತ, ಟ್ರಂಕಿನಲ್ಲಿದ್ದ ಮದುವೆ ಸೀರೆಯ ಮಡಿಕೆಯೊಳಗೆ ಇಟ್ಟರು. ಆವತ್ತಿನಿಂದ ಯಾರ ಪಟ ತೆಗೆದರೂ ಒಂದು ಪ್ರತಿ ಅವರಿಗೆ ಮುಟ್ಟಿಸುವ ತನಕ ನನಗೆ ಆ ಕೆಲಸ ಮುಗಿದಂತೆ ಅನ್ನಿಸುವುದಿಲ್ಲ.

ಪ್ರ: ಊರ ಬದುಕಿನ ಚಿತ್ರ ತೆಗೆಯುವುದನ್ನು ಯಾರ ಕೆಲಸ ನೋಡಿ ಕಲಿಯಬೇಕು?
— ಓದುಗರು, ನಂಜನಗೂಡು

ಉ: ನಮ್ಮ ಮೈಸೂರಿನವರೇ ಆದ ಟಿ.ಎಸ್. ಸತ್ಯನ್ ಅವರ ಚಿತ್ರಗಳನ್ನು. 1923ರಲ್ಲಿ ಹುಟ್ಟಿ 2009ರಲ್ಲಿ ತೀರಿಕೊಂಡರು, 1977ರಲ್ಲಿ ಪದ್ಮಶ್ರೀ ಬಂತು. ಪತ್ರಿಕೆಗಳಿಗಾಗಿ ದೊಡ್ಡ ದೊಡ್ಡವರನ್ನು ತೆಗೆದವರು, ಬೀದಿಯ ಮಕ್ಕಳನ್ನೂ ಅಷ್ಟೇ ಮರ್ಯಾದೆಯಿಂದ ತೆಗೆದರು. ನೋಡುವಾಗ ಅವರು ಎಷ್ಟು ಹತ್ತಿರ ನಿಂತಿದ್ದಾರೆ ಅನ್ನುವುದನ್ನು ಗಮನಿಸಿ.

ಪ್ರ: ಮೈಸೂರಿನ ಚಿಕ್ಕ ಗಡಿಯಾರ ಗೋಪುರವನ್ನು ನಮ್ಮ ತಾತ ತೆಗೆದ ಪಟ ಒಂದಿದೆ. ಅದೇ ಜಾಗದಲ್ಲಿ ನಿಂತು ಈಗಿನದ್ದನ್ನು ತೆಗೆಯಬೇಕು ಅಂತ ನಾಲ್ಕು ಸಲ ಹೋದೆ. ಎಷ್ಟು ಝೂಮ್ ಮಾಡಿದರೂ ಹೊಂದುತ್ತಿಲ್ಲ.
— ಓದುಗರು, ಸರಸ್ವತಿಪುರಂ, ಮೈಸೂರು

ಉ: ಝೂಮನ್ನು ಮರೆಯಿರಿ. ಹತ್ತಿರದ್ದು ದೂರದ್ದು ಒಂದರ ಪಕ್ಕ ಒಂದು ಹೇಗೆ ಕೂರುತ್ತವೆ ಅನ್ನುವುದು ನೀವು ನಿಂತ ಜಾಗವನ್ನು ಮಾತ್ರ ಅವಲಂಬಿಸಿದೆ, ಲೆನ್ಸನ್ನು ಅಲ್ಲ. ತಾತನ ಪಟದಲ್ಲಿ ಹತ್ತಿರದ ಒಂದು ಗಟ್ಟಿ ಗೆರೆ ಆರಿಸಿ, ಗಡಿಯಾರದ ಕಂಬದ ಬಲ ಅಂಚು ಅಂತಿಟ್ಟುಕೊಳ್ಳಿ. ಹಿಂದಿನ ಕಟ್ಟಡದ ಯಾವ ಕಮಾನನ್ನು ಆ ಅಂಚು ಕತ್ತರಿಸುತ್ತದೆ ನೋಡಿ. ಅಲ್ಲಿ ಹೋಗಿ, ಅದೇ ಕಮಾನನ್ನು ಅದೇ ಕಡೆ ಕತ್ತರಿಸುವ ತನಕ ಎಡಕ್ಕೆ ಬಲಕ್ಕೆ ಸರಿಯಿರಿ. ಆಮೇಲೆ ಇಂಥದೇ ಇನ್ನೊಂದು ಜೋಡಿ ಹಿಡಿದು ಹಿಂದೆ ಮುಂದೆ ಸರಿಯಿರಿ. ಎರಡೂ ಜೋಡಿ ಕೂಡಿದ ಜಾಗದಲ್ಲೇ ತಾತ ನಿಂತಿದ್ದರು. ಪಟದ ನೆರಳು ಯಾವ ಕಡೆ ಬಿದ್ದಿದೆ ನೋಡಿಕೊಂಡರೆ ಬೆಳಿಗ್ಗೆಯೋ ಸಂಜೆಯೋ ಅನ್ನುವುದೂ ತಿಳಿಯುತ್ತದೆ. ಪೌರಕಾರ್ಮಿಕರು ಗುಡಿಸಿ ಹೋಗಿ ಹೂವಿನವರು ಇನ್ನೂ ಬರುತ್ತಿರುವ ಹೊತ್ತಿಗೆ ಹೋದರೆ ಯಾರೂ ತಳ್ಳುವುದಿಲ್ಲ.

ಇದನ್ನು ಮುಂದಕ್ಕೆ ಹಾಕಬೇಡಿ. ಚಿಕ್ಕ ಗಡಿಯಾರ 1886ರದ್ದು, ಗಟ್ಟಿಯಾಗಿ ನಿಂತಿದೆ. ಆದರೆ 2012ರಲ್ಲಿ ಅದರ ಹತ್ತಿರದ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ಕು ಜೀವ ಹೋದವು. 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಪಾರ್ಶ್ವ ಬಿತ್ತು. ಬಿದ್ದ ಮೇಲೆ ಪತ್ರಿಕೆಯವರು, ಸಂಶೋಧಕರು, ಮಳಿಗೆಯವರು ಎಲ್ಲರೂ ಹಳೇ ಪಟ ಹುಡುಕಿದರು. ನನ್ನ ಬಳಿ ಮಾರುಕಟ್ಟೆಯ ನೂರಾರು ಚಿತ್ರಗಳಿದ್ದವು. ಹೂವಿನ ಮಾಲೆ, ಕುಂಕುಮದ ಗೋಪುರ, ಬಾಳೆಗೊನೆ. ಬಿದ್ದ ಆ ಭಾಗದ ಮಾಡು, ತೊಲೆ, ಗೋಡೆ ಸರಿಯಾಗಿ ಕಾಣುವ ಚಿತ್ರ ಎರಡೇ ಎರಡು. ಬಣ್ಣಕ್ಕೆ ಮರುಳಾಗಿ ಮೇಲೆ ನೋಡಿರಲಿಲ್ಲ. ಅದು ನನಗೆ ಇವತ್ತಿಗೂ ಕೊರಗು.

ಪ್ರ: ನಮ್ಮ ಮುತ್ತಜ್ಜಿಯ ತವರು ಕನ್ನಂಬಾಡಿ ಕಟ್ಟೆಯ ನೀರಿನಲ್ಲಿ ಮುಳುಗಿದ ಊರು. ಒಂದು ಪಟವೂ ಇಲ್ಲ. ಇಲ್ಲದ ಊರನ್ನು ಹೇಗೆ ದಾಖಲಿಸಲಿ?
— ಶಾಲಾ ಶಿಕ್ಷಕಿ, ಪಾಂಡವಪುರ

ಉ: ಊರು ಬಿಡುವಾಗ ಏನೇನು ಹೊತ್ತು ತಂದರು ಅಂತ ಮನೆಮನೆಗೆ ಹೋಗಿ ಕೇಳಿ. ಕಟ್ಟೆಯ ಕೆಲಸ ಶುರುವಾದದ್ದು 1911ರಲ್ಲಿ. ಜನ ಬಾಗಿಲು, ಕಂಬ, ಒರಳುಕಲ್ಲು, ದೇವರ ಪೆಟ್ಟಿಗೆ ಗಾಡಿಯಲ್ಲಿ ಹೇರಿಕೊಂಡು ಬಂದಿರುತ್ತಾರೆ. ಅಂಥದ್ದು ಒಂದು ಸಿಕ್ಕರೂ, ಈಗ ಅದನ್ನು ಬಳಸುವವರ ಜೊತೆ ಸೇರಿಸಿ ತೆಗೆಯಿರಿ, ಅವರ ಮಾತು ಬರೆದುಕೊಳ್ಳಿ.

ಹೊಸ ಕನ್ನಂಬಾಡಿಯ ವೇಣುಗೋಪಾಲಸ್ವಾಮಿ ಗುಡಿಗೂ ಮಕ್ಕಳನ್ನು ಕರೆದುಕೊಂಡು ಹೋಗಿ. ಹಿನ್ನೀರಿನಲ್ಲಿ ಮುಳುಗಿ, ಬರ ಬಂದ ವರ್ಷಗಳಲ್ಲಷ್ಟೇ ತಲೆ ಎತ್ತುತ್ತಿದ್ದ ಗುಡಿ ಅದು. ಖೋಡೇ ಪ್ರತಿಷ್ಠಾನದವರು ಅದನ್ನು ಬಿಚ್ಚಿ ಬೇರೆ ಜಾಗದಲ್ಲಿ ಕಟ್ಟಿಸಿದರು. ಬಿಚ್ಚುವ ಮೊದಲು ಒಂದೊಂದು ಕಲ್ಲಿಗೂ ಗುರುತು ಹಾಕಿ, ಫೋಟೋ ತೆಗೆದು, ಅದನ್ನು ನೋಡಿಕೊಂಡು ಮತ್ತೆ ಜೋಡಿಸಿದರು. ಯಾವ ಪ್ರದರ್ಶನಕ್ಕೂ ಹೋಗದ, ನೋಡಲು ಏನೇನೂ ಚಂದವಿಲ್ಲದ ಆ ಕಲ್ಲಿನ ಪಟಗಳ ಬಲದಿಂದ ಒಂದು ಹೊಯ್ಸಳ ಗುಡಿ ಎದ್ದು ನಿಂತಿದೆ. ನನ್ನ ಕೆಲಸದಲ್ಲಿ ನನಗೆ ಇದಕ್ಕಿಂತ ದೊಡ್ಡ ಧೈರ್ಯ ಕೊಟ್ಟ ಸಂಗತಿ ಇನ್ನೊಂದಿಲ್ಲ.

ಪ್ರ: ಕೊಕ್ಕರೆ ಬೆಳ್ಳೂರಿಗೆ ಹೋಗುತ್ತಿದ್ದೇನೆ. ಗೂಡಿನ ಚಿತ್ರ ಹತ್ತಿರದಿಂದ ಸಿಗಬೇಕಾದರೆ?
— ಓದುಗರು, ಮೈಸೂರು

ಉ: ಗೂಡಿಗೆ ಹತ್ತಿರ ಹೋಗಬೇಡಿ, ಮನೆಗೆ ಹತ್ತಿರ ಹೋಗಿ. ಹೆಜ್ಜಾರ್ಲೆಯೂ ಬಣ್ಣದ ಕೊಕ್ಕರೆಯೂ ಅಲ್ಲಿ ಕೂತಿರುವುದು ಜನರ ಹಿತ್ತಲಿನ ಹುಣಸೆ ಮರದಲ್ಲಿ. ಹೆಣ್ಣುಮಕ್ಕಳು ಬಾಣಂತನಕ್ಕೆ ತವರಿಗೆ ಬಂದಂತೆ ಅಂತ ಊರವರು ಹೇಳುತ್ತಾರೆ. ಆ ಮಾತಿಗೆ ತಕ್ಕಂತೆ ಮರದ ಹುಣಸೆಯನ್ನೂ ಬಿಟ್ಟುಕೊಡುತ್ತಾರೆ. 2007ರಲ್ಲಿ ಕೊಕ್ಕರೆ ಬೆಳ್ಳೂರನ್ನು ಸಮುದಾಯ ಮೀಸಲು ಪ್ರದೇಶವೆಂದು ಸರ್ಕಾರ ಘೋಷಿಸಿತು, ಕಾಪಾಡಿದ್ದು ಮೊದಲಿನಿಂದಲೂ ಊರೇ. ಮನೆಯವರನ್ನು ಕೇಳಿ ಅವರ ಮಾಳಿಗೆಯ ಮೇಲೆ ಒಂದು ಮೂಲೆಯಲ್ಲಿ ಕೂತುಬಿಡಿ. ಫ್ಲಾಷ್ ಬೇಡ, ಡ್ರೋನ್ ಬೇಡವೇ ಬೇಡ. ತಾಯಿ ಬೆದರಿ ಹಾರಿದರೆ ರೆಕ್ಕೆ ಬಾರದ ಮರಿ ಬಿಸಿಲಿಗೆ ಬೇಯುತ್ತದೆ, ಮೊಟ್ಟೆ ಕಾಗೆಯ ಪಾಲು. ಚಿತ್ರದಲ್ಲಿ ಮರದ ಕೆಳಗೆ ಪಾತ್ರೆ ತೊಳೆಯುವ ಹೆಂಗಸೂ ಬರಲಿ, ಅವರನ್ನು ಕತ್ತರಿಸಬೇಡಿ.

ಪ್ರ: ವೈರಮುಡಿಯ ರಾತ್ರಿ ಮೇಲುಕೋಟೆಯಲ್ಲಿ ಆರು ಗಂಟೆ ನಿಂತರೂ ಜನರ ತಲೆಗಳ ಚಿತ್ರವೇ ಬಂತು.
— ಓದುಗರು, ಮದ್ದೂರು

ಉ: ಮುಂದಿನ ವರ್ಷ ಬೆಳಿಗ್ಗೆಯೇ ಹೊರಡಿ. ಆ ರಾತ್ರಿ ಚೆಲುವನಾರಾಯಣ ಸ್ವಾಮಿಗೆ ತೊಡಿಸುವ ವೈರಮುಡಿ ಕಿರೀಟ ಮಂಡ್ಯದ ಖಜಾನೆಯಿಂದ ಪೊಲೀಸ್ ಕಾವಲಿನಲ್ಲಿ ಹೊರಡುತ್ತದೆ, ದಾರಿಯ ಹಳ್ಳಿಗಳಲ್ಲಿ ಜನ ಪೂಜೆಗೆ ಕಾದಿರುತ್ತಾರೆ. ರಂಗೋಲಿ ಹಾಕಿ, ಹಣ್ಣುಕಾಯಿ ಹಿಡಿದು, ಮಕ್ಕಳನ್ನು ಸೊಂಟಕ್ಕೆ ಏರಿಸಿಕೊಂಡು ನಿಂತವರ ಮುಖಕ್ಕೆ ಒಳ್ಳೆಯ ಹಗಲ ಬೆಳಕು ಇರುತ್ತದೆ. ಆ ಹಳ್ಳಿಗಳಲ್ಲಿ ಒಂದನ್ನು ಆರಿಸಿಕೊಂಡು ಅಲ್ಲೇ ಇದ್ದುಬಿಡಿ.

ಪ್ರ: ನಿಮ್ಮ ಚಿತ್ರಗಳಲ್ಲಿ ಬರೀ ಹೆಂಚಿನ ಮನೆ, ಎತ್ತಿನ ಗಾಡಿ, ಸುಕ್ಕು ಮುಖ. ನಮ್ಮ ಜಿಲ್ಲೆ ಬದಲಾಗಿದೆ. ಅದನ್ನು ಯಾಕ್ರೀ ತೆಗೆಯುವುದಿಲ್ಲ?
— ವ್ಯಾಪಾರಿ, ಮಂಡ್ಯ

ಉ: ನೀವು ಹೇಳಿದ್ದು ಸರಿ, ಒಪ್ಪುತ್ತೇನೆ. 2023ರ ಮಾರ್ಚ್‌ನಲ್ಲಿ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾಯಿತು. ಹೊಸ ರಸ್ತೆ ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣದ ಪೇಟೆಗಳನ್ನು ಬಳಸಿಕೊಂಡು ಹೋಗುತ್ತದೆ. ಹಳೇ ಹೆದ್ದಾರಿಯಲ್ಲಿ ಬಸ್ಸು ನಿಂತ ಕೂಡಲೇ ಕಿಟಕಿಗೆ ಬರುತ್ತಿದ್ದ ಮದ್ದೂರು ವಡೆ, ಎಳನೀರಿನ ರಾಶಿ, ಕಬ್ಬಿನ ಹಾಲಿನ ಗಾಡಿ, ಇವನ್ನೆಲ್ಲ ನಾನು ಮೂವತ್ತು ವರ್ಷ ದಿನಾ ನೋಡುತ್ತಾ ಓಡಾಡಿದೆ. ದಿನಾ ಕಾಣುತ್ತದಲ್ಲ ಅಂತ ತೆಗೆಯಲೇ ಇಲ್ಲ. ಈಗ ಆ ಅಂಗಡಿಗಳಲ್ಲಿ ಎಷ್ಟೋ ಮುಚ್ಚಿವೆ. ಆಗ ಮಾಮೂಲು ಅನ್ನಿಸಿದ್ದನ್ನು ತೆಗೆಯದೆ ಬಿಟ್ಟಿದ್ದಕ್ಕೇ ಈ ನಷ್ಟ. ಈಗ ಸರ್ವಿಸ್ ರಸ್ತೆಯ ಬದುಕನ್ನು ತೆಗೆಯುತ್ತಿದ್ದೇನೆ: ಬೇಲಿಯ ಆಚೆ ಗದ್ದೆ ಈಚೆ ಮನೆ ಇರುವವರು, ಅಂಡರ್‌ಪಾಸಿನಲ್ಲಿ ಕುರಿ ಹೊಡೆದುಕೊಂಡು ಹೋಗುವವರು. ನಿಮ್ಮ ಅಂಗಡಿಯನ್ನೂ ಒಂದು ದಿನ ಪೂರ್ತಿ ತೆಗೆಯಲು ಬಿಡುತ್ತೀರಾ? ಶಟರ್ ಎತ್ತುವುದರಿಂದ ಗಲ್ಲಾ ಪೆಟ್ಟಿಗೆ ಮುಚ್ಚುವ ತನಕ.

ಪ್ರ: ಸೋಮನಾಥಪುರದ ಗುಡಿಯನ್ನು ಫೋನಿನಲ್ಲಿ ತೆಗೆದರೆ ಗೋಪುರಗಳು ಹಿಂದಕ್ಕೆ ಬಿದ್ದಂತೆ ಕಾಣುತ್ತವೆ.
— ಹೈಸ್ಕೂಲ್ ವಿದ್ಯಾರ್ಥಿನಿ, ಬನ್ನೂರು

ಉ: ಪುಟ್ಟಿ, ಫೋನನ್ನು ಮೇಲಕ್ಕೆ ವಾಲಿಸಬೇಡ. ಗೋಡೆಗೆ ಸಮನಾಗಿ ನೆಟ್ಟಗೆ ಹಿಡಿದು, ಗೋಪುರದ ತುದಿ ಕಾಣುವ ತನಕ ಹಿಂದೆ ಹೋಗು. ಕೆಳಗೆ ಬರುವ ಅಂಗಳವನ್ನು ಆಮೇಲೆ ಕತ್ತರಿಸಬಹುದು. ಸ್ಟ್ಯಾಂಡ್ ಇಡಬೇಕಾದರೆ ಪುರಾತತ್ವ ಇಲಾಖೆಯ ಅನುಮತಿ ಬೇಕು. ಮೂರ್ತಿಗಳ ಕೆಳಗೆ ಕೆತ್ತಿದ ಅಕ್ಷರಗಳನ್ನೂ ಹುಡುಕಿ ತೆಗೆ. ಮಲ್ಲಿತಮ್ಮ ಅನ್ನುವ ಶಿಲ್ಪಿ 13ನೇ ಶತಮಾನದಲ್ಲಿ ತನ್ನ ಹೆಸರನ್ನು ಅಲ್ಲಿ ಕೆತ್ತಿದ್ದರಿಂದ ಅವನ ಹೆಸರು ಹಿಡಿದು ನಾವು ಇವತ್ತು ಮಾತಾಡುತ್ತೇವೆ. ಓರೆ ಬಿಸಿಲು ಬಿದ್ದಾಗ ಅಕ್ಷರ ಸ್ಪಷ್ಟವಾಗಿ ಏಳುತ್ತದೆ.

ಪ್ರ: ನಮ್ಮ ತಂದೆ ಮಳವಳ್ಳಿಯಲ್ಲಿ ಬಹಳ ವರ್ಷ ಸ್ಟುಡಿಯೋ ನಡೆಸಿದರು. ಅವರು ಹೋಗಿ ಎರಡು ವರ್ಷವಾಯಿತು. ಅಟ್ಟದ ಮೇಲೆ ಹನ್ನೊಂದು ಡಬ್ಬಿ ನೆಗೆಟಿವ್ ಇವೆ. ಮನೆ ಕೆಡವಿ ಕಟ್ಟುತ್ತಿದ್ದೇವೆ. ಗುಜರಿಯವರು ಕೇಳುತ್ತಿದ್ದಾರೆ. ಅದರಲ್ಲಿರುವವರು ಯಾರೋ ನಮಗೆ ಗೊತ್ತಿಲ್ಲ. ಇಟ್ಟುಕೊಂಡು ಏನು ಮಾಡುವುದು?
— ಓದುಗರು, ಮಳವಳ್ಳಿ

ಉ: ಅಣ್ಣ, ನಿಮ್ಮ ಕಾಗದ ಓದಿ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ದಯವಿಟ್ಟು ಕೊಡಬೇಡಿ.

ನಮ್ಮ ತಂದೆಯದ್ದೂ ಸ್ಟುಡಿಯೋ, ಮಂಡ್ಯದಲ್ಲಿ. ಎಸ್‌ಎಸ್‌ಎಲ್‌ಸಿ ಪರೀಕ್ಷೆ ಮುಗಿದ ರಜೆಯಲ್ಲಿ ಅವರು ನನ್ನನ್ನು ರಿಟಚಿಂಗ್ ಮೇಜಿಗೆ ಕೂರಿಸಿದರು. ಇಳಿಜಾರು ಗಾಜು, ಅದರ ಕೆಳಗೆ ಕಿಟಕಿಯ ಬೆಳಕು ತರುವ ಕನ್ನಡಿ, ಸೂಜಿಯಷ್ಟು ಚೂಪಾಗಿ ಹೆರೆದ ಗಟ್ಟಿ ಪೆನ್ಸಿಲ್. ಮುಖದ ಮೇಲಿನ ಸುಕ್ಕು, ಸಿಡುಬಿನ ಕಲೆ ನೆಗೆಟಿವ್‌ನಲ್ಲಿ ತಿಳಿಯಾಗಿ ಕಾಣುತ್ತವೆ. ಅಲ್ಲಿ ಪೆನ್ಸಿಲಿನಿಂದ ಚುಕ್ಕೆ ಚುಕ್ಕೆ ತುಂಬಿದರೆ ಪ್ರಿಂಟಿನಲ್ಲಿ ಕಲೆ ಮಾಯವಾಗುತ್ತದೆ. ವರನ ಕಡೆಗೆ ಕಳಿಸುವ ಹೆಣ್ಣುಮಕ್ಕಳ ಪಟಗಳೇ ಹೆಚ್ಚು. ನನಗಿಂತ ಎರಡು ಮೂರು ವರ್ಷ ದೊಡ್ಡವರ ಮುಖಗಳ ಮೇಲೆ ಉಸಿರು ಬಿಗಿಹಿಡಿದು ಚುಕ್ಕೆ ಇಡುತ್ತಿದ್ದೆ. ಒಂದು ಮುಖಕ್ಕೆ ಅರ್ಧ ಗಂಟೆ. ನಿಮ್ಮ ಡಬ್ಬಿಯ ನೆಗೆಟಿವನ್ನು ಓರೆಯಾಗಿ ಬೆಳಕಿಗೆ ಹಿಡಿದು ನೋಡಿ, ಕೆನ್ನೆಯ ಮೇಲೆ ಪೆನ್ಸಿಲಿನ ಮಿನುಗು ಕಾಣಿಸಿದರೆ ಅದು ನಿಮ್ಮ ತಂದೆಯವರ ಕೈ.

ನಾನು ಮದುವೆಯಾಗಿ ಮೈಸೂರಿಗೆ ಬಂದ ಮೇಲೆ ಅಪ್ಪ ಅಂಗಡಿ ಬಿಡಬೇಕಾಯಿತು. ಕಪ್ಪು-ಬಿಳುಪು ಫಿಲ್ಮಿನ ಚಿತ್ರ ಮೂಡುವುದೇ ಬೆಳ್ಳಿಯಿಂದ. ಬೆಳ್ಳಿ ತೆಗೆಯುವವರು ಊರೂರು ಸುತ್ತಿ ನೆಗೆಟಿವ್‌ಗಳನ್ನು ತೂಕಕ್ಕೆ ಕೊಳ್ಳುತ್ತಿದ್ದ ಕಾಲ. ಮನೆಯಲ್ಲಿ ಹಣದ ಅಡಚಣೆ. ಅಷ್ಟನ್ನೂ ಕೊಟ್ಟುಬಿಟ್ಟರು. ನನಗೆ ತಿಳಿಯುವ ಹೊತ್ತಿಗೆ ತಿಂಗಳಾಗಿತ್ತು. ಉಳಿದದ್ದು ರಿಜಿಸ್ಟರ್ ಮಾತ್ರ, 1974ರಿಂದ 1991ರ ತನಕದ್ದು. ಅಪ್ಪನ ಉರುಟು ಅಕ್ಷರ: ‘ಗಂಡ ಹೆಂಡತಿ, ಹೊಳಲು, ಪೋಸ್ಟ್‌ಕಾರ್ಡ್ ಸೈಜು 3 ಪ್ರತಿ, ಮುಂಗಡ 5 ರೂ., ಬಾಕಿ ಬಂದಿಲ್ಲ.’ ಪುಟದ ಮೇಲೆ ಪುಟ ಹೀಗೆ. ನನ್ನ ಬಳಿ ಹೆಸರುಗಳಿವೆ, ಪಟಗಳಿಲ್ಲ. ನಿಮ್ಮ ಬಳಿ ಪಟಗಳಿವೆ.

ಹಾಗಾಗಿ ಮೊದಲು ತಂದೆಯವರ ಲೆಕ್ಕದ ಪುಸ್ತಕ, ಬಿಲ್ ಪುಸ್ತಕ ಹುಡುಕಿ. ನೆಗೆಟಿವ್‌ನ ಅಂಚಿನಲ್ಲೋ ಕವರಿನ ಮೇಲೋ ಒಂದು ನಂಬರು ಇರುತ್ತದೆ, ಅದೇ ನಂಬರು ಪುಸ್ತಕದಲ್ಲಿ ಹೆಸರಿನ ಪಕ್ಕ ಸಿಗುತ್ತದೆ. ಪುಸ್ತಕ ಸಿಗದಿದ್ದರೂ ಕೈಬಿಡಬೇಡಿ. ಸಣ್ಣ ಪ್ರಿಂಟುಗಳನ್ನು ಮಾಡಿಸಿಕೊಂಡು ಸಂತೆಯ ದಿನ ವಯಸ್ಸಾದವರ ಮುಂದೆ ಹರಡಿ. ‘ಇವ್ನು ನಮ್ಮ್ ಬಾವುನ್ ತಮ್ಮ ಅಲ್ವಾ’ ಅನ್ನುವವರು ಮಳವಳ್ಳಿಯಲ್ಲಿ ಇನ್ನೂ ಇದ್ದಾರೆ. ಹತ್ತು ವರ್ಷ ಬಿಟ್ಟು ಕೇಳಿದರೆ ಇರುವುದಿಲ್ಲ.

ಡಬ್ಬಿಗಳನ್ನು ಗಾಳಿಯಾಡುವ ಕಡೆ ತೆರೆಯಿರಿ. ಹುಳಿ, ವಿನೆಗರ್ ವಾಸನೆ ಬರುವ ಫಿಲ್ಮನ್ನು ಕೂಡಲೇ ಬೇರೆ ಮಾಡಿ, ಅದು ಪಕ್ಕದ್ದನ್ನೂ ಕೆಡಿಸುತ್ತದೆ. ಅಂಚು ಹಿಡಿದು ಎತ್ತಿ, ನಡುವೆ ಬೆರಳು ತಾಗಬಾರದು. ನೀರು ಹಾಕಿ ಒರೆಸಲೇಬೇಡಿ, ಧೂಳಿಗೆ ಮೆತ್ತನೆಯ ಒಣ ಕುಂಚ ಸಾಕು. ಗಾಜಿನ ಪ್ಲೇಟುಗಳಿದ್ದರೆ ಒಂದರ ಮೇಲೊಂದು ಪೇರಿಸದೆ ಪುಸ್ತಕದ ಹಾಗೆ ನಿಲ್ಲಿಸಿಡಿ. ಪ್ಲಾಸ್ಟಿಕ್ ಕವರು ಬೇಡ, ಕಾಗದದ ಕವರು, ಒಂದಕ್ಕೆ ಒಂದು. ಕವರಿನ ಮೇಲೆ ಬರೆಯುವುದನ್ನು ನೆಗೆಟಿವ್ ಒಳಗೆ ಹಾಕುವ ಮೊದಲೇ ಪೆನ್ಸಿಲಿನಲ್ಲಿ ಬರೆಯಿರಿ. ಆಮೇಲೆ ಸ್ಟೀಲ್ ಬೀರುವಿನಲ್ಲಿ, ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಡಿ. ಅಟ್ಟದ ಶಾಖ ಅವುಗಳ ಶತ್ರು.

ಪ್ರತಿ ಮಾಡಲು ಸ್ಕ್ಯಾನರ್ ಇಲ್ಲದಿದ್ದರೂ ಆಗುತ್ತದೆ. ಟ್ಯಾಬ್ಲೆಟ್ಟಿನ ಪರದೆಯನ್ನು ಪೂರ್ತಿ ಬಿಳಿ ಮಾಡಿ, ಅದರಿಂದ ಎರಡು ಮೂರು ಇಂಚು ಮೇಲೆ ಹಾಲುಬಣ್ಣದ ಅಕ್ರಿಲಿಕ್ ಹಾಳೆ ಇಟ್ಟು, ಸುತ್ತ ಕಪ್ಪು ರಟ್ಟಿನ ಚೌಕಟ್ಟು ಮಾಡಿ ನೆಗೆಟಿವ್ ಕೂರಿಸಿ. ಮೇಲಿನಿಂದ ನೇರ ಕೆಳಗೆ ನೋಡುವಂತೆ ಕ್ಯಾಮೆರಾ ಕಟ್ಟಿ. ನೆಗೆಟಿವ್‌ನ ಹೊಳಪಿಲ್ಲದ ಬದಿ ಕ್ಯಾಮೆರಾ ಕಡೆಗಿದ್ದರೆ ಚಿತ್ರವನ್ನು ಆಮೇಲೆ ಎಡಬಲ ತಿರುಗಿಸಬೇಕು.

ಇನ್ನೊಂದು ಮಾತು. ಡಬ್ಬಿ ನಿಮ್ಮದಾದರೂ ಚಿತ್ರಗಳೆಲ್ಲ ನಿಮ್ಮವಲ್ಲ. 1957ರ ಕಾಪಿರೈಟ್ ಕಾಯ್ದೆಯ ಪ್ರಕಾರ ದುಡ್ಡು ಕೊಟ್ಟು ತೆಗೆಸಿಕೊಂಡ ಪಟದ ಮೊದಲ ಹಕ್ಕು, ಬೇರೆ ಒಪ್ಪಂದವಿಲ್ಲದಿದ್ದರೆ, ತೆಗೆಸಿಕೊಂಡವರದ್ದು. ಊರಿಗೆ ತೋರಿಸುವ ಮೊದಲು ಮನೆಯವರನ್ನು ಕೇಳಿ, ಮುಖ್ಯವಾಗಿ ಹೆಣದ ಪಟ, ವರನಿಗೆ ಕಳಿಸಿದ ಪಟ ಇದ್ದರೆ. ಮನೆಯವರು ಸಿಕ್ಕ ಕಡೆಯೆಲ್ಲ ಒಂದು ಪ್ರಿಂಟ್ ಅವರಿಗೆ ಕೊಟ್ಟು ಬನ್ನಿ.

ಗೌರಿ ಹಬ್ಬ ಕಳೆದ ವಾರ ನಾನೇ ಮಳವಳ್ಳಿಗೆ ಬರುತ್ತೇನೆ, ಬೆಳಕಿನ ಪೆಟ್ಟಿಗೆಯನ್ನೂ ಕವರುಗಳನ್ನೂ ತರುತ್ತೇನೆ. ಅಪ್ಪನ ರಿಜಿಸ್ಟರೂ ಜೊತೆಗಿರುತ್ತದೆ. ಮಳವಳ್ಳಿ ಕಡೆಯವರ ಹೆಸರು ಅದರಲ್ಲಿ ಬಹಳ ಇವೆ, ಅವರಲ್ಲಿ ಕೆಲವರಾದರೂ ನಿಮ್ಮ ತಂದೆಯವರ ಮುಂದೆಯೂ ಕೂತಿರಬಹುದು. ಅಷ್ಟರೊಳಗೆ ಡಬ್ಬಿಗಳನ್ನು ಅಟ್ಟದಿಂದ ಇಳಿಸಿ, ನೆಲಕ್ಕೆ ತಾಗದ ಹಾಗೆ ಮಂಚದ ಮೇಲಿಟ್ಟಿರಿ.